ಒಂದು ಜುಟ್ಟಿನ ಕಥೆ

ಕೊರಿಯಾದ ಐತಿಹಾಸಿಕ ಧಾರಾವಾಹಿ ನೋಡಿದವರಿಗೆ ಗಂಡಸರ ನಡುನೆತ್ತಿಯ ಪುಟ್ಟ ಗಂಟು ನೆನಪಿರುತ್ತೆ. ಅದರ ಹೆಸರು ‘ಸಾಂಗ್‌ಟು’. ನಾವು ಸುಮ್ಮನೆ ಜುಟ್ಟು ಅನ್ನೋಣ. ಈ ಜುಟ್ಟಿಗಾಗಿ ಒಂದು ದೇಶವೇ ದಂಗೆ ಎದ್ದಿತ್ತು ಅಂದ್ರೆ ನಂಬ್ತೀರಾ?

ಜೋಸನ್ ರಾಜರ ಕಾಲದಲ್ಲಿ ಮದುವೆಯಾಗದ ಹುಡುಗರು ಉದ್ದ ಜಡೆ ಬಿಡುತ್ತಿದ್ದರು. ಮದುವೆ ಹೊತ್ತಿಗೆ ಜಡೆ ಬಿಚ್ಚಿ ಜುಟ್ಟು ಕಟ್ಟುವ ಶಾಸ್ತ್ರ. ಜುಟ್ಟಿದ್ದರೆ ದೊಡ್ಡವನು, ನಾಲ್ಕು ಜನ ಗೌರವ ಕೊಟ್ಟು ಮಾತಾಡಿಸ್ತಾರೆ. ಮೂವತ್ತಾದರೂ ಮದುವೆ ಆಗದಿದ್ದರೆ ಜಡೆಯೇ ಗತಿ, ಊರೆಲ್ಲಾ ‘ಏನೋ ಹುಡುಗಾ’ ಅನ್ನೋದೇ! (ನಮ್ಮಂಥ ಬ್ರಹ್ಮಚಾರಿಗಳ ಪಾಡು ಎಲ್ಲಾ ಕಡೆ ಒಂದೇ ನೋಡಿ :) ) ತಲೆಯ ಸುತ್ತ ಕುದುರೆ ಕೂದಲಿನಲ್ಲಿ ನೇಯ್ದ ಪಟ್ಟಿ, ಮೇಲೆ ಬಿದಿರು ಮತ್ತು ಕುದುರೆ ಕೂದಲಿನ ಕಪ್ಪು ಟೋಪಿ ‘ಗಾತ್’. ದೇಹ, ಕೂದಲು, ಚರ್ಮ ಎಲ್ಲಾ ತಂದೆತಾಯಿ ಕೊಟ್ಟಿದ್ದು, ಅದಕ್ಕೆ ಊನ ಮಾಡಬಾರದು ಅನ್ನೋದು ಕನ್ಫ್ಯೂಷಿಯಸ್ ಪಂಥದ ಪಾಠ. ಹಾಗಾಗಿ ಜುಟ್ಟು ಕತ್ತರಿಸೋದು ಅಂದ್ರೆ ಹೆತ್ತವರಿಗೆ ದ್ರೋಹ.

1895ರ ಡಿಸೆಂಬರ್ 30ರಂದು ಆಜ್ಞೆ ಹೊರಟಿತು: ಎಲ್ಲರೂ ಜುಟ್ಟು ಕತ್ತರಿಸಬೇಕು. ಕೊಟ್ಟ ಕಾರಣ ಶುಚಿತ್ವ, ಕೆಲಸಕ್ಕೆ ಅನುಕೂಲ. ರಾಜ ಗೋಜೊಂಗ್ ಮತ್ತು ಯುವರಾಜನ ಜುಟ್ಟೇ ಮೊದಲು ಹೋಯಿತು. ಒಂದೇ ದಿನ ಬಿಟ್ಟು ಕ್ಯಾಲೆಂಡರ್ ಕೂಡ ಬದಲು! ಹಳೇ ಲೆಕ್ಕದ ಹನ್ನೊಂದನೇ ತಿಂಗಳ 17ನೇ ದಿನವೇ 1896ರ ಜನವರಿ 1 ಆಗಿಬಿಟ್ಟಿತು. ಸಿಯೋಲ್‌ನಲ್ಲಿ ಪೊಲೀಸರು ಕತ್ತರಿ ಹಿಡಿದು ನಿಂತರು. ಹಳ್ಳಿಯವರು ಹೆದರಿ ಪೇಟೆಗೆ ಬರೋದನ್ನೇ ಬಿಟ್ಟರು, ಸೌದೆ, ದವಸದ ಬೆಲೆ ಏರಿತು. ವಿದ್ವಾಂಸ ಚ್ವೆ ಇಕ್-ಹ್ಯೊನ್ ತಲೆ ಬೇಕಾದರೆ ಕೊಡ್ತೀನಿ, ಕೂದಲು ಕೊಡಲ್ಲ ಅಂದುಬಿಟ್ಟರು. ಹಳ್ಳಿಹಳ್ಳಿಗಳಲ್ಲಿ ಜನ ಸೇನೆ ಕಟ್ಟಿದರು.

ಬರೀ ಕೂದಲಿಗಾಗಿ ಇಷ್ಟೆಲ್ಲಾನಾ? ಅಲ್ಲ. ಅದೇ ವರ್ಷ ಅಕ್ಟೋಬರ್ 8ರಂದು ಜಪಾನೀಯರು ಅರಮನೆಗೇ ನುಗ್ಗಿ ರಾಣಿಯನ್ನು ಕೊಂದಿದ್ದರು. ಆಜ್ಞೆ ಹೊರಡಿಸಿದ ಮಂತ್ರಿಮಂಡಲ ಜಪಾನಿನ ಬೆಂಬಲದಿಂದ ನಿಂತಿದ್ದು. ದೇಶದ ಜುಟ್ಟು ಪರರ ಕೈಗೆ ಸಿಕ್ಕಿದೆ ಅನ್ನೋದು ತಮ್ಮ ತಮ್ಮ ತಲೆಗೇ ಕತ್ತರಿ ಬಂದಾಗ ಪ್ರತಿಯೊಬ್ಬನಿಗೂ ಅರ್ಥವಾಯಿತು.

1896ರ ಫೆಬ್ರವರಿ 11ರಂದು ರಾಜ ಗುಟ್ಟಾಗಿ ಅರಮನೆ ಬಿಟ್ಟು ರಷ್ಯಾದ ದೂತಾವಾಸ ಸೇರಿದ. ಅದೇ ದಿನ ಪ್ರಧಾನಮಂತ್ರಿ ಕಿಮ್ ಹೋಂಗ್-ಜಿಪ್‌ರನ್ನು ಜನ ಬೀದಿಯಲ್ಲೇ ಕೊಂದರು. ಆಮೇಲೆ ಜುಟ್ಟು ಅವರವರ ಇಷ್ಟಕ್ಕೆ ಬಿಟ್ಟದ್ದು ಅಂತಾಯಿತು. ತಮಾಷೆ ಅಂದ್ರೆ, ಮುಂದಿನ ಕೆಲವು ದಶಕಗಳಲ್ಲಿ ಹೆಚ್ಚಿನವರು ತಾವಾಗಿಯೇ ಕ್ರಾಪು ಹೊಡೆಸಿಕೊಂಡರು!

ಶುಚಿತ್ವದ ಮಾತು ಸುಳ್ಳೇನಲ್ಲ ಇರಬಹುದು. ಆದರೆ ಒಳ್ಳೇದೇ ಆದ್ರೂ ಅದನ್ನು ಯಾರು, ಯಾವಾಗ, ಹೇಗೆ ಹೇಳ್ತಾರೆ ಅನ್ನೋದು ಮುಖ್ಯ ಅಂತ ನನಗನ್ನಿಸುತ್ತೆ. ನೀವೇನಂತೀರಿ?