ಚೀನೀಯರ ವರ್ಷಾರಂಭವೂ ದ್ವಾದಶಮೃಗಚಕ್ರವೂ

ಚೀನೀಯರು ವರ್ಷಗಳನ್ನು ಗುರುತಿಸುವ ಹನ್ನೆರಡು ಮೃಗಗಳ ಚಕ್ರವು ಭರತಖಂಡದಿಂದ ಬೌದ್ಧಭಿಕ್ಷುಗಳ ಮೂಲಕ ಆ ದೇಶವನ್ನು ಸೇರಿತೆಂಬ ಮಾತು ನಮ್ಮ ಪಂಡಿತವರ್ಗದಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಇದಕ್ಕೆ ಎರಡು ಹೇತುಗಳನ್ನು ಹೇಳುವುದುಂಟು. ನಮ್ಮಂತೆಯೇ ಅವರಿಗೂ ಅರುವತ್ತು ಸಂವತ್ಸರಗಳ ಚಕ್ರವಿರುವುದು ಮೊದಲನೆಯದು. ಬೌದ್ಧರ ಮಹಾಸನ್ನಿಪಾತಸೂತ್ರದಲ್ಲಿ ಈ ಹನ್ನೆರಡು ಮೃಗಗಳ ಪ್ರಸ್ತಾಪ ಬಂದಿರುವುದು ಎರಡನೆಯದು. ಸ್ವದೇಶಾಭಿಮಾನವು ಶ್ಲಾಘ್ಯವಾದ ಗುಣವೇ ಸರಿ. ಆದರೆ ಪ್ರಮಾಣವು ಕೂರಬೇಕಾದ ಪೀಠದಲ್ಲಿ ಅದನ್ನು ಕೂರಿಸಲಾಗದು. ಆದಕಾರಣ ಈ ಎರಡು ಹೇತುಗಳನ್ನೂ ಪರಿಶೀಲಿಸಿ, ಪ್ರಸಂಗವಶಾತ್ ಅವರ ವರ್ಷಾರಂಭದ ಆಚಾರಗಳನ್ನೂ ವಾಚಕರ ಮುಂದಿಡಬೇಕೆಂದು ಉದ್ದೇಶಿಸಿದ್ದೇನೆ.

ಮೊದಲು ವರ್ಷಾರಂಭದ ದಿನವನ್ನು ನಿಶ್ಚಯಿಸಿಕೊಳ್ಳೋಣ. ಚೀನೀಯರ ಮಾಸವು ನಮ್ಮ ಅಮಾಂತಮಾಸದಂತೆ ಚಾಂದ್ರಮಾಸ. ಸೂರ್ಯಮಾರ್ಗವನ್ನು ಹನ್ನೆರಡು ಸಮಭಾಗಗಳಾಗಿ ವಿಭಾಗಿಸಿ, ಯಾವ ಮಾಸದಲ್ಲಿ ಆ ಭಾಗಗಳ ಆದಿಬಿಂದುಗಳೊಂದನ್ನೂ ಸೂರ್ಯನು ದಾಟುವುದಿಲ್ಲವೋ ಅದನ್ನು ಅಧಿಕವೆಂದು ಎಣಿಸುವರು. ಸಂಕ್ರಾಂತಿಯಿಲ್ಲದ ಮಾಸವು ಅಧಿಕಮಾಸವೆಂಬ ನಮ್ಮ ಲಕ್ಷಣಕ್ಕೂ ಇದಕ್ಕೂ ಭೇದವಿಲ್ಲವೆಂದೇ ಹೇಳಬೇಕು. ಅವರ ಗಣನೆ ಸಾಯನ, ನಮ್ಮದು ನಿರಯಣ, ಅಷ್ಟೆ. ಛಿನ್ ವಂಶದವರ ಕಾಲದಲ್ಲಿ ವರ್ಷವು ಹತ್ತನೆಯ ಮಾಸದಿಂದ ಮೊದಲಾಗುತ್ತಿತ್ತು. ಕ್ರಿ. ಪೂ. 104ರಲ್ಲಿ ಹಾನ್ ವಂಶದ ವೂ ಚಕ್ರವರ್ತಿಯು ಪಂಚಾಂಗವನ್ನು ತಿದ್ದಿಸಿ ಈಗಿನ ಸ್ಥಾನದಲ್ಲಿ ನಿಲ್ಲಿಸಿದನು. ಅದು ಜನವರಿ 21ಕ್ಕೂ ಫೆಬ್ರುವರಿ 20ಕ್ಕೂ ನಡುವೆ ಬರುತ್ತದೆ; ನಮ್ಮ ಲೆಕ್ಕದಲ್ಲಿ ಸಾಮಾನ್ಯವಾಗಿ ಮಾಘ ಶುದ್ಧ ಪಾಡ್ಯದ ಸಮೀಪಕ್ಕೆ ಬೀಳುವುದು. ಅಧಿಕಮಾಸಗಳು ಎರಡು ಪಂಚಾಂಗಗಳಲ್ಲಿ ಬೇರೆಬೇರೆ ಕಡೆ ಬಿದ್ದಾಗ ಫಾಲ್ಗುಣಕ್ಕೆ ಸರಿಯುವುದೂ ಉಂಟು. 2026ರ ಫೆಬ್ರುವರಿ 17ರ ವರ್ಷಾರಂಭವು ಇಂತಹುದು.

ವರ್ಷವಾಚಕವಾದ ಅವರ 'ನ್ಯೆನ್' ಶಬ್ದದ ಅರ್ಥವೂ ವಿಚಾರಾರ್ಹವಾಗಿದೆ. ಆನ್ಯಾಂಗ್ ಬಳಿ ದೊರೆತ ಪ್ರಾಚೀನ ಅಸ್ಥಿಲೇಖಗಳಲ್ಲಿ ಈ ಅಕ್ಷರವು ತೆನೆಯನ್ನು ಹೊತ್ತ ಮನುಷ್ಯನ ಆಕಾರದಲ್ಲಿದೆ. ಮಾಗಿದ ಪೈರು ಎಂಬುದೇ ಅದರ ಮೂಲಾರ್ಥ. ಮಳೆಗಾಲದಿಂದ 'ವರ್ಷ'ವೂ ಶರತ್ಕಾಲದಿಂದ 'ಶರತ್' ಶಬ್ದವೂ ನಮ್ಮಲ್ಲಿ ಸಂವತ್ಸರವಾಚಕಗಳಾದುದನ್ನು ಇಲ್ಲಿ ಸ್ಮರಿಸಬಹುದು. ಈಚೆಗೆ 'ನ್ಯೆನ್' ಎಂಬುದು ವರ್ಷಾಂತ್ಯದಲ್ಲಿ ಊರಿಗೆ ನುಗ್ಗುವ ಒಂದು ರಾಕ್ಷಸಪ್ರಾಣಿಯೆಂದೂ, ಕೆಂಪುಬಣ್ಣಕ್ಕೂ ಪಟಾಕಿಯ ಸದ್ದಿಗೂ ಹೆದರಿ ಓಡುವುದೆಂದೂ ಒಂದು ಕಥೆ ಎಲ್ಲೆಲ್ಲಿಯೂ ಪ್ರಚಾರದಲ್ಲಿದೆ. ಮಕ್ಕಳ ಕಥೆಯಾಗಿ ಅದು ಸೊಗಸಾಗಿಯೇ ಇದೆ. ಆದರೆ ಆರನೆಯ ಶತಮಾನದಲ್ಲಿ ಝುಂಗ್ ಲಿನ್ ಎಂಬವನು ಯಾಂಗ್‌ತ್ಸೆ ನದಿಯ ಮಧ್ಯಪ್ರದೇಶದ ಉತ್ಸವಗಳನ್ನು ಕುರಿತು ಬರೆದ 'ಜಿಂಗ್‌ಚು ಸುಯ್‌ಷಿಜಿ' ಎಂಬ ಗ್ರಂಥದಲ್ಲಿ ಈ ಪ್ರಾಣಿಯ ಹೆಸರೇ ಇಲ್ಲ. ಅಲ್ಲಿ ಜನರು ಬಿದಿರನ್ನು ಬೆಂಕಿಗೆ ಹಾಕಿ ಸಿಡಿಸಿ ಓಡಿಸುವುದು ಬೆಟ್ಟದ ಭೂತಗಳನ್ನು.

ಇನ್ನು ಅರುವತ್ತರ ಚಕ್ರದ ವಿಚಾರ. ಸಂಖ್ಯೆಯು ಒಂದೇ ಆದ ಮಾತ್ರಕ್ಕೆ ಮೂಲವು ಒಂದೆಂದು ಹೇಳಲಾಗದು. ಆ ಸಂಖ್ಯೆಯು ಹುಟ್ಟಿದ ಬಗೆಯನ್ನು ನೋಡಬೇಕು. ಬೃಹಸ್ಪತಿಯು ಸುಮಾರು ಹನ್ನೆರಡು ವರ್ಷಗಳಿಗೊಮ್ಮೆ ರಾಶಿಚಕ್ರವನ್ನು ಸುತ್ತುವನು. ಐದು ವರ್ಷಗಳಿಗೆ ಒಂದು ಯುಗ. ಹನ್ನೆರಡು ಯುಗಗಳಿಗೆ ಅರುವತ್ತು. ಬೃಹತ್ಸಂಹಿತೆಯ ಬೃಹಸ್ಪತಿಚಾರಾಧ್ಯಾಯದಲ್ಲಿ ವರಾಹಮಿಹಿರನು ವಿವರಿಸಿರುವ ಕ್ರಮವಿದು. ಚೀನೀಯರದು ಹಾಗಲ್ಲ. ಅವರಲ್ಲಿ ಹತ್ತು 'ಕಾಂಡ'ಗಳು, ಹನ್ನೆರಡು 'ಶಾಖೆ'ಗಳು ಎಂಬ ಎರಡು ಅಕ್ಷರಮಾಲೆಗಳಿವೆ. ಎರಡನ್ನೂ ಒಟ್ಟೊಟ್ಟಿಗೆ ಸರದಿಯಂತೆ ಹೇಳುತ್ತ ಹೋದರೆ ಅರುವತ್ತು ಜೋಡಿಗಳಾದ ಮೇಲೆ ಮೊದಲಿನ ಜೋಡಿ ಮರಳಿ ಬರುತ್ತದೆ. ಈ ಜೋಡಿಗಳಿಂದ ಮೊದಲು ಎಣಿಸುತ್ತಿದ್ದುದು ವರ್ಷಗಳನ್ನಲ್ಲ, ದಿನಗಳನ್ನು; ಕ್ರಿಸ್ತನಿಗೆ ಸಾವಿರ ವರ್ಷಕ್ಕೂ ಹಿಂದಿನ ಅಸ್ಥಿಲೇಖಗಳಲ್ಲಿಯೇ ಹೀಗೆ ದಿನಗಣನೆಯಿದೆ. ವರ್ಷಗಳಿಗೆ ಅದನ್ನು ನಿಯತವಾಗಿ ಅನ್ವಯಿಸಿದ್ದು ಹಾನ್ ವಂಶದವರ ಕಾಲದಲ್ಲಿ. ಆದುದರಿಂದ ಎರಡು ಅರುವತ್ತುಗಳೂ ಬೇರೆಬೇರೆ ಗರ್ಭದಲ್ಲಿ ಹುಟ್ಟಿದವು.

ಹೀಗಿದ್ದರೂ ಒಂದು ಕೌತುಕವನ್ನು ಹೇಳದೆ ಬಿಡಲಾರೆ. ಉತ್ತರದೇಶದ ಬಾರ್ಹಸ್ಪತ್ಯಗಣನೆಯಲ್ಲಿ ಸುಮಾರು 85 ವರ್ಷಗಳಿಗೊಮ್ಮೆ ಒಂದು ಸಂವತ್ಸರವನ್ನು ಲೋಪಮಾಡುವರು. ದಕ್ಷಿಣದವರಾದ ನಾವು ಸುಮಾರು ಹತ್ತನೆಯ ಶತಮಾನದಿಂದ ಈಚೆಗೆ ಈ ಲೋಪವನ್ನು ಬಿಟ್ಟು ವರ್ಷಕ್ಕೊಂದು ಹೆಸರಿನಂತೆ ಹೇಳಿಕೊಂಡು ಬಂದಿದ್ದೇವೆ. ಚೀನೀಯರೂ ಲೋಪಮಾಡುವುದಿಲ್ಲ. ಆದುದರಿಂದ ಕನ್ನಡ ಶಾಸನಗಳ ಸಂವತ್ಸರಕ್ಕೂ ಚೀನೀಯರ ಚಕ್ರಕ್ಕೂ ಸ್ಥಿರವಾದ ಮೂರರ ಅಂತರ ನಿಂತುಹೋಗಿದೆ. ಅವರ ಚಕ್ರವು 1984ರಲ್ಲಿ ಆರಂಭವಾಯಿತು. ನಮ್ಮ ಪ್ರಭವವು 1987ರಲ್ಲಿ. ಅವರ ನಾಲ್ಕನೆಯದಾದ ಅಗ್ನಿ-ಮೊಲದ ವರ್ಷವೇ ನಮ್ಮ ಪ್ರಭವ. ಟಿಬೆಟ್ಟಿನವರು ಕಾಲಚಕ್ರತಂತ್ರದ ಮೂಲಕ ಪ್ರಭವಾದಿ ನಾಮಗಳನ್ನು ಭರತಖಂಡದಿಂದಲೂ ಮೃಗಗಳನ್ನು ಚೀನದಿಂದಲೂ ತೆಗೆದುಕೊಂಡು 1027ನೆಯ ಇಸವಿಯ ಅಗ್ನಿ-ಮೊಲದ ವರ್ಷದಿಂದ ತಮ್ಮ ಚಕ್ರಗಳನ್ನು ಎಣಿಸುವರು. ನಮ್ಮ ಬೈಲುಕುಪ್ಪೆಯಲ್ಲಿ ನೆಲೆಸಿರುವ ಟಿಬೆಟ್ಟಿನವರ ಸಂವತ್ಸರವೂ ನೆರೆಯ ಹಳ್ಳಿಯ ಪುರೋಹಿತರು ಯುಗಾದಿಯಂದು ಓದುವ ಸಂವತ್ಸರವೂ ಕೆಲವು ವಾರಗಳ ಹಿಂದುಮುಂದಿನಿಂದ ಒಂದೇ ಆಗಿರುವುದಕ್ಕೆ ಇದೇ ಕಾರಣ.

ಎರಡನೆಯ ಹೇತುವಿಗೆ ಬರೋಣ. ಮಹಾಸನ್ನಿಪಾತವನ್ನು ಧರ್ಮಕ್ಷೇಮನೆಂಬ ಭಾರತೀಯ ಭಿಕ್ಷುವು ಐದನೆಯ ಶತಮಾನದ ಆದಿಯಲ್ಲಿ ಚೀನೀಭಾಷೆಗೆ ಪರಿವರ್ತಿಸಿದನು. ಜಂಬೂದ್ವೀಪದ ಹೊರಗೆ ನಾಲ್ಕು ದಿಕ್ಕುಗಳ ಸಮುದ್ರಪರ್ವತಗಳ ಗುಹೆಗಳಲ್ಲಿ ಹನ್ನೆರಡು ಮೃಗಗಳು ವಾಸಿಸುತ್ತ, ಸರದಿಯ ಮೇಲೆ ಲೋಕಸಂಚಾರ ಮಾಡಿ ತಂತಮ್ಮ ಜಾತಿಯ ಪ್ರಾಣಿಗಳಿಗೆ ಉಪದೇಶಿಸುವುವೆಂದು ಅದರಲ್ಲಿದೆ. ಚೀನೀಯರ ಹುಲಿಯ ಸ್ಥಾನದಲ್ಲಿ ಅಲ್ಲಿ ಸಿಂಹವಿರುವುದು ವಿಶೇಷ. ಇದನ್ನೇ ಮೂಲವೆಂದು ನಂಬುವುದಕ್ಕೆ ಅಡ್ಡಬರುವ ಸಾಕ್ಷ್ಯವು 1975ರಲ್ಲಿ ನೆಲದಿಂದ ಮೇಲೆದ್ದು ಬಂದಿತು. ಹುಬೆ ಪ್ರಾಂತದ ಶುಯ್‌ಹುದಿ ಎಂಬಲ್ಲಿ ಛಿನ್ ರಾಜ್ಯದ ಒಬ್ಬ ಅಧಿಕಾರಿಯ ಸಮಾಧಿಯನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಬಿದಿರಿನ ಪಟ್ಟಿಗಳು ದೊರೆತವು. ಸಮಾಧಿಯ ಕಾಲ ಸುಮಾರು ಕ್ರಿ. ಪೂ. 217, ಧರ್ಮಕ್ಷೇಮನಿಗಿಂತ ಆರು ಶತಮಾನಗಳಿಗೂ ಹಿಂದಿನದು. ಬೌದ್ಧಧರ್ಮವು ಚೀನವನ್ನು ಮುಟ್ಟುವುದಕ್ಕೇ ಇನ್ನೂ ಎರಡು ಮೂರು ಶತಮಾನಗಳಿದ್ದುವು.

ಆ ಪಟ್ಟಿಗಳಲ್ಲಿ ಒಂದು ಮುಹೂರ್ತಗ್ರಂಥವಿದೆ. ಅದರಲ್ಲಿ ಹನ್ನೆರಡು ಶಾಖೆಗಳಿಗೆ ಮೃಗಗಳನ್ನು ಹೇಳಿದೆ. ಯಾವುದಕ್ಕಾಗಿ? ಜಾತಕಕ್ಕಲ್ಲ, ವಿವಾಹಕ್ಕಲ್ಲ, ಕಳ್ಳನನ್ನು ಕಂಡುಹಿಡಿಯುವುದಕ್ಕೆ! ಇಲಿಯ ದಿನ ಕಳವಾದರೆ ಕಳ್ಳನಿಗೆ ಮೊನಚು ಬಾಯಿ, ವಿರಳವಾದ ಗಡ್ಡ ಎಂಬಂತೆ ಆಯಾ ದಿನದ ಮೃಗಕ್ಕೆ ಹೋಲುವ ರೂಪವನ್ನು ವರ್ಣಿಸಿದೆ. ನಮ್ಮ ಪ್ರಶ್ನಶಾಸ್ತ್ರದ ನಷ್ಟದ್ರವ್ಯಪ್ರಕರಣವನ್ನು ಓದಿದವರಿಗೆ ಇದು ಅಪರಿಚಿತವಾಗಿ ತೋರದು. ಆದರೆ ಇಲ್ಲಿಯ ಮೃಗಾವಳಿಯು ಈಗಿನದೇ ಅಲ್ಲ. ಇಲಿ, ಎತ್ತು, ಹುಲಿ, ಮೊಲಗಳು ಸ್ವಸ್ಥಾನದಲ್ಲಿಯೇ ಇವೆ. ಈಗ ಕುದುರೆಯಿರುವಲ್ಲಿ ಜಿಂಕೆ, ಕುರಿಯಿರುವಲ್ಲಿ ಕುದುರೆ, ನಾಯಿಯಿರುವಲ್ಲಿ ಮುದಿಕುರಿ. ಮೃಗಗಳು ಇನ್ನೂ ಸ್ಥಾನಕ್ಕಾಗಿ ತಳ್ಳಾಡುತ್ತಿದ್ದ ಕಾಲವದು. ಸಿದ್ಧವಾದ ಪಟ್ಟಿಯೊಂದು ಹೊರಗಿನಿಂದ ಬಂದಿದ್ದರೆ ಈ ಅನಿಶ್ಚಯಕ್ಕೆ ಎಡೆಯೆಲ್ಲಿ?

ಇದಕ್ಕೆ ಒಳಗಿನ ಯುಕ್ತಿಯೊಂದನ್ನೂ ಸೇರಿಸುತ್ತೇನೆ. ಚೀನೀಯರಲ್ಲಿ ಇಲಿಗೂ ಕುದುರೆಗೂ ವೈರ, ಎತ್ತಿಗೂ ಕುರಿಗೂ ವೈರ, ಹುಲಿಗೂ ಕೋತಿಗೂ, ಮೊಲಕ್ಕೂ ಕೋಳಿಗೂ, ಡ್ರ್ಯಾಗನ್ನೆಂಬ ಮಹಾಸರ್ಪಕ್ಕೂ ನಾಯಿಗೂ, ಹಾವಿಗೂ ಹಂದಿಗೂ ವೈರ. ಅಂತಹ ವರ್ಷಗಳಲ್ಲಿ ಹುಟ್ಟಿದವರಿಗೆ ವಿವಾಹ ಕೂಡದೆನ್ನುವರು. ನಮ್ಮ ಯೋನಿಕೂಟದಲ್ಲಿಯೂ ಮೃಗವೈರವುಂಟು: ಹಾವು-ಮುಂಗುಸಿ, ಹಸು-ಹುಲಿ, ಬೆಕ್ಕು-ಇಲಿ, ಆನೆ-ಸಿಂಹ. ಇವು ಬಹುಮಟ್ಟಿಗೆ ಲೋಕದಲ್ಲಿ ಪ್ರತ್ಯಕ್ಷವಾದ ವೈರಗಳು. ಚೀನೀಯರದೋ, ಚಕ್ರದಲ್ಲಿ ಆರನೆಯ ಸ್ಥಾನದಲ್ಲಿ ಎದುರುಬದುರಾಗಿ ಕುಳಿತವೆಂಬ ಗಣಿತದ ವೈರ. ಎಂದರೆ ಶಾಖೆಗಳ ಸಂಬಂಧವು ಮೊದಲು, ಮೃಗಗಳು ಆಮೇಲೆ ಅಂಟಿಸಿದ ಚೀಟಿಗಳು. ಈ ಅಸಂಗತಿಯನ್ನು ಮೊದಲು ಕಂಡವನು ನಾನಲ್ಲ. ಕ್ರಿ. ಶ. ಒಂದನೆಯ ಶತಮಾನದ ವಾಂಗ್ ಚುಂಗನು 'ಲುನ್‌ಹೆಂಗ್' ಎಂಬ ತನ್ನ ಖಂಡನಗ್ರಂಥದಲ್ಲಿ ಈ ಮೃಗಗಳನ್ನು ಹೆಸರಿಸಿ, ನೀರು ಬೆಂಕಿಯನ್ನು ಗೆಲ್ಲುವುದಾದರೆ ಜಲತತ್ತ್ವದ ಇಲಿಯು ಅಗ್ನಿತತ್ತ್ವದ ಕುದುರೆಯನ್ನು ಏಕೆ ಅಟ್ಟುವುದಿಲ್ಲವೆಂದು ಪರಿಹಾಸ ಮಾಡಿರುವನು. ಚಾರ್ವಾಕನು ಕೇಳಬೇಕಾದ ಪ್ರಶ್ನೆ!

ಬೃಹತ್ಸಂಹಿತೆಯಲ್ಲಿ ಈ ದ್ವಾದಶಮೃಗಗಳಿಲ್ಲ. ನಮ್ಮ ಮೇಷಾದಿ ರಾಶಿಗಳನ್ನು ಇವುಗಳೊಡನೆ ಬೆರೆಸಬಾರದು, ಅವು ಬೇರೆ. ಅವುಗಳಿಗಾದರೂ ಕ್ರಿಯ, ತಾವುರಿ, ಜಿತುಮ ಮುಂತಾದ ಯವನನಾಮಗಳನ್ನು ವರಾಹಮಿಹಿರನು ಬೃಹಜ್ಜಾತಕದಲ್ಲಿ ಸಂಕೋಚವಿಲ್ಲದೆ ಹೇಳಿರುವನು. ನಮ್ಮಿಂದ ಚೀನಕ್ಕೆ ಹೋದುದೂ ಅಲ್ಪವಲ್ಲ. 718ರಲ್ಲಿ ತಾಂಗ್ ಚಕ್ರವರ್ತಿಯ ಆಸ್ಥಾನದಲ್ಲಿದ್ದ ಗೌತಮ ಸಿದ್ಧನು ನವಗ್ರಹಗಣಿತವನ್ನು ಚೀನೀಭಾಷೆಯಲ್ಲಿ ರಚಿಸಿದನು. ಉಳ್ಳ ಕೀರ್ತಿಯೇ ಸಾಕಾಗಿರುವಾಗ ಇಲ್ಲದ್ದನ್ನು ಆರೋಪಿಸಿಕೊಳ್ಳುವುದೇತಕ್ಕೆ?

ದಿನಕ್ಕೆ ಸಂಬಂಧಿಸಿದ ಮೃಗವು ಮನುಷ್ಯನ ಜನ್ಮವರ್ಷಕ್ಕೆ ಹೇಗೆ ಅಂಟಿಕೊಂಡಿತೆಂಬುದಕ್ಕೆ ಹೃದಯದ್ರಾವಕವಾದ ಸಾಕ್ಷ್ಯವೊಂದು 'ಝೌಷು' ಎಂಬ ಇತಿಹಾಸದಲ್ಲಿದೆ. ಉತ್ತರದ ಝೌ ರಾಜ್ಯದ ಸರ್ವಾಧಿಕಾರಿಯಾಗಿದ್ದ ಯುವೆನ್ ಹುವಿನ ತಾಯಿಯು ಶತ್ರುಗಳಾದ ಛಿ ರಾಜ್ಯದವರ ವಶದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸಿಕ್ಕಿಬಿದ್ದಿದ್ದಳು. 564ರಲ್ಲಿ ಆಕೆಯ ಹೆಸರಿನಲ್ಲಿ ಮಗನಿಗೊಂದು ಪತ್ರ ಬಂದಿತು. ಇದು ನಿಜವಾಗಿಯೂ ತಾಯಿಯ ಮಾತೆಂದು ಮಗನು ನಂಬುವ ಬಗೆ ಹೇಗೆ? ಆಕೆ ತನ್ನ ಮೂವರು ಗಂಡುಮಕ್ಕಳಲ್ಲಿ ಹಿರಿಯನು ಇಲಿ, ನಡುವಿನವನು ಮೊಲ, ನೀನು ಹಾವು ಎಂದು ಬರೆಯಿಸಿ, ಅವನು ಬಾಲ್ಯದಲ್ಲಿ ತೊಟ್ಟಿದ್ದ ಜರತಾರಿ ಅಂಗಿಯನ್ನೂ ಜೊತೆಗೆ ಕಳುಹಿಸಿದಳು. ಹು ಹುಟ್ಟಿದ್ದು 513ರಲ್ಲಿ. ಅದು ಹಾವಿನ ವರ್ಷವೇ. ಅದೇ ವರ್ಷ ತಾಯಿ ಮಗನ ಬಳಿಗೆ ಮರಳಿದಳು. ರಾಜಶಕೆಗಳು ಮೇಲಿಂದ ಮೇಲೆ ಬದಲಾಗುತ್ತಿದ್ದ ಕಾಲದಲ್ಲಿ ಹೆತ್ತವಳ ನೆನಪಿಗೆ ಆಧಾರವಾದದ್ದು ಈ ಮೃಗಗಳು. ಮೂಢನಂಬಿಕೆಯೆಂದು ಇದನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಬಿಡುವವರು ಈ ಪತ್ರವನ್ನು ಒಮ್ಮೆ ಗಮನಿಸಬೇಕು.

ಆಚಾರಗಳಲ್ಲಿ ಕೆಲವನ್ನು ಮಾತ್ರ ಹೇಳುತ್ತೇನೆ. ಹನ್ನೆರಡನೆಯ ಮಾಸದ 23 ಅಥವಾ 24ರಂದು ಒಲೆಯ ದೇವತೆಯು ಮನೆಯವರ ನಡತೆಯನ್ನು ಸ್ವರ್ಗಾಧಿಪತಿಗೆ ಒಪ್ಪಿಸಲು ಹೋಗುವನು. ಅವನ ಚಿತ್ರದ ತುಟಿಗೆ ಅಂಟಾದ ಸಿಹಿಯನ್ನು ಸವರಿ ಸುಡುವರು. ಬಾಯಿ ಸಿಹಿಯಾಗಲಿ ಎಂದು ಕೆಲವರು, ಅಂಟಿಕೊಂಡು ತೆರೆಯದಿರಲಿ ಎಂದು ಕೆಲವರು. ಬಾಗಿಲಿಗೆ ದ್ವಾರಪಾಲಕರ ಚಿತ್ರ, ಕೆಂಪು ಕಾಗದದ ಮೇಲೆ ಬರೆದ ಜೋಡಿ ಸಾಲುಗಳು; ಇವುಗಳ ಹಿಂದೆ ಇದ್ದದ್ದು ಭೂತನಿವಾರಣೆಗೆ ತೂಗುಹಾಕುತ್ತಿದ್ದ ಪೀಚ್ ಮರದ ಹಲಗೆ. ಝುಂಗ್ ಲಿನ್ ಹೇಳುವ ಒಂದು ಪದ್ಧತಿ ನನಗೆ ಬಹಳ ಮೆಚ್ಚುಗೆಯಾಯಿತು. ಪಾಡ್ಯದಂದು ಔಷಧಿಗಳನ್ನು ಹಾಕಿದ ಮದ್ಯವನ್ನು ಕುಡಿಯುವಾಗ ಹಿರಿಯರಿಗೆ ಮೊದಲು ಕೊಡದೆ ಎಲ್ಲರಿಗಿಂತ ಕಿರಿಯನಿಗೆ ಕೊಡುವರು. ಕಿರಿಯನಿಗೆ ಒಂದು ವರ್ಷ ಲಭಿಸಿತು, ಹಿರಿಯನಿಗೆ ಒಂದು ವರ್ಷ ಕಳೆಯಿತು ಎಂಬುದು ಕಾರಣ. ಹಿರಿಯರನ್ನು ಅಷ್ಟೊಂದು ಗೌರವಿಸುವ ದೇಶದಲ್ಲಿ ವರ್ಷಕ್ಕೊಮ್ಮೆ ಕ್ರಮವು ತಿರುವುಮುರುವಾಗುವುದು ಗಮನಾರ್ಹ. ತನ್ನ ಮೃಗದ ವರ್ಷವು ಮರಳಿ ಬಂದಾಗ ಅದು ಕಂಟಕವೆಂದು ಸೊಂಟಕ್ಕೆ ಕೆಂಪು ಪಟ್ಟಿಯನ್ನು ಕಟ್ಟಿಕೊಳ್ಳುವ ರೂಢಿ ಈಗಲೂ ಇದೆ. 1912ರಲ್ಲಿ ಗಣರಾಜ್ಯವು ಪಾಶ್ಚಾತ್ಯ ಪಂಚಾಂಗವನ್ನು ಸ್ವೀಕರಿಸಿದ ಮೇಲೆ ಈ ಹಬ್ಬಕ್ಕೆ 'ವಸಂತೋತ್ಸವ'ವೆಂಬ ಹೆಸರಾಯಿತು. 1928ರ ಅನಂತರ ಸರ್ಕಾರದವರು ಇದನ್ನು ನಿಲ್ಲಿಸಲು ಮಾಡಿದ ಯತ್ನ ಸಫಲವಾಗಲಿಲ್ಲ.

ಇಷ್ಟರಿಂದಲೇ ಇದು ನಿರಪಾಯವೆಂದು ಭಾವಿಸಲಾಗದು. ನಲವತ್ತಮೂರನೆಯ ವರ್ಷವಾದ ಅಗ್ನಿ-ಕುದುರೆಯಲ್ಲಿ ಕಾಂಡವೂ ಅಗ್ನಿ, ಶಾಖೆಯೂ ಅಗ್ನಿ. ಚೀನದಲ್ಲಿ ಇದನ್ನು ರಾಜ್ಯಕ್ಕೆ ಅನಿಷ್ಟವೆಂದು ಎಣಿಸಿದರು. ಹಿಂದಿನ ಇಂತಹ ವರ್ಷಗಳ ಉತ್ಪಾತಗಳನ್ನು ಸಂಗ್ರಹಿಸಿ ಚಾಯ್ ವಾಂಗ್ ಎಂಬವನು 1246ರಲ್ಲಿ ಚಕ್ರವರ್ತಿಗೆ ಗ್ರಂಥವನ್ನೇ ಒಪ್ಪಿಸಿದನು. ಜಪಾನಿಗೆ ಹೋದ ಮೇಲೆ ಆ ಅನಿಷ್ಟವು ಸಿಂಹಾಸನವನ್ನು ಬಿಟ್ಟು ಹೆಣ್ಣುಮಕ್ಕಳ ತಲೆಯ ಮೇಲೆ ಕುಳಿತಿತು: ಆ ವರ್ಷ ಹುಟ್ಟಿದವಳು ಗಂಡನನ್ನು ಕೊಲ್ಲುವಳಂತೆ. ಮೂಲಾ ನಕ್ಷತ್ರದವಳು ಮಾವನಿಗೆ, ಆಶ್ಲೇಷೆಯವಳು ಅತ್ತೆಗೆ ಎಂದು ನಮ್ಮಲ್ಲಿ ಕನ್ಯೆಯರನ್ನು ನಿರಾಕರಿಸಿದ ಮನೆಗಳನ್ನು ವಾಚಕರೆಲ್ಲರೂ ಬಲ್ಲರು. ಜಪಾನಿನಲ್ಲಿ 1906ರಲ್ಲಿ ಹುಟ್ಟಿದ ಹೆಣ್ಣುಗಳು ವರನು ದೊರೆಯದೆ ಪಟ್ಟ ಪಾಡು ಜನರ ನೆನಪಿನಲ್ಲಿ ಉಳಿದಿತ್ತು. 1965ರಲ್ಲಿ ಅಲ್ಲಿ ಹುಟ್ಟಿದ ಮಕ್ಕಳು ಸುಮಾರು 18 ಲಕ್ಷ 20 ಸಾವಿರ. ಅಗ್ನಿ-ಕುದುರೆಯ 1966ರಲ್ಲಿ ಸುಮಾರು 13 ಲಕ್ಷ 60 ಸಾವಿರ. ಮರುವರ್ಷ 19 ಲಕ್ಷ 35 ಸಾವಿರ. ರೈಲುಗಳನ್ನು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಓಡಿಸುತ್ತಿದ್ದ ದೇಶದಲ್ಲಿ ಹೆಣ್ಣು ಹುಟ್ಟೀತೆಂಬ ಭಯದಿಂದ ಒಂದು ವರ್ಷ ನಾಲ್ಕೂವರೆ ಲಕ್ಷ ತೊಟ್ಟಿಲುಗಳು ಬರಿದಾಗಿ ಉಳಿದುವು. ಅಗ್ನಿ-ಕುದುರೆಯು ಮರಳುವುದು 2026ರಲ್ಲಿ. ಮೂರನ್ನು ಕಳೆದರೆ ನಮ್ಮ ಚಕ್ರದಲ್ಲಿ ಅದು ನಲವತ್ತನೆಯದು, ಪರಾಭವ. ಆ ಹೆಸರನ್ನು ಕೇಳಿ ನಮ್ಮಲ್ಲಿ ಹೆರಿಗೆಯನ್ನು ಮುಂದೂಡಿದವರ ಮಾತನ್ನು ನಾನು ಕೇಳಿಲ್ಲ.