ಎಪಿಕ್ಟೀಟಸನ ಕೈಪಿಡಿಯೂ ಪ್ರವಚನಗಳೂ

ಯವನ ತತ್ತ್ವಜ್ಞನಾದ ಎಪಿಕ್ಟೀಟಸನು ಸ್ವತಃ ಯಾವ ಗ್ರಂಥವನ್ನೂ ರಚಿಸಿದಂತೆ ತೋರುವುದಿಲ್ಲ. ಕ್ರಿ. ಶ. 50ರ ಸುಮಾರಿಗೆ ಫ್ರಿಜಿಯ ದೇಶದ ಹೈರಾಪೋಲಿಸಿನಲ್ಲಿ ಜನಿಸಿದ ಈತನು ದಾಸನು. ಹೆಸರಿಗೇ ‘ಸಂಪಾದಿಸಲ್ಪಟ್ಟವನು’ ಎಂದರ್ಥ. ಮನುವು ಎಣಿಸುವ ಏಳು ಬಗೆಯ ದಾಸರಲ್ಲಿ ‘ಕ್ರೀತ’ನೆಂಬವನನ್ನು ಇದು ಸ್ಮರಣೆಗೆ ತರುವುದು. ರೋಮಿನಲ್ಲಿ ಎಪಫ್ರೊಡೈಟಸನ ಸೇವೆಯಲ್ಲಿದ್ದುಕೊಂಡೇ ಮುಸೋನಿಯಸ್ ರೂಫಸನಲ್ಲಿ ಸ್ಟೋಯಿಕ ದರ್ಶನವನ್ನು ವ್ಯಾಸಂಗಮಾಡಿ, ಮುಂದೆ ಬಿಡುಗಡೆ ಹೊಂದಿ, ಡೊಮಿಷಿಯನ್ ಚಕ್ರವರ್ತಿಯು ತತ್ತ್ವಜ್ಞರನ್ನು ಹೊರದೂಡಿದ ಮೇಲೆ ನಿಕೊಪೋಲಿಸಿನಲ್ಲಿ ಪಾಠಶಾಲೆಯನ್ನು ನಡೆಸಿದನು.

ಅವನ ಮಾತುಗಳನ್ನು ಬರೆದಿಟ್ಟವನು ಶಿಷ್ಯನಾದ ಅರ್ರಿಯನನು. ಮೆಗಸ್ಥನೀಸನೇ ಮೊದಲಾದವರ ಆಧಾರದಿಂದ ಭರತಖಂಡದ ವರ್ಣನೆಯನ್ನು ರಚಿಸಿ ಈ ದೇಶದ ಇತಿಹಾಸಜ್ಞರಿಗೆ ಚಿರಪರಿಚಿತನಾಗಿರುವ ಅರ್ರಿಯನನೇ ಈತ. ಅವನು ಬರೆದ ಪ್ರವಚನಗಳಲ್ಲಿ ಈಗ ಉಳಿದಿರುವುದು ನಾಲ್ಕು ಭಾಗಗಳು ಮಾತ್ರ. ಆ ನಾಲ್ಕಕ್ಕೂ ಆಕ್ಸ್‌ಫರ್ಡಿನಲ್ಲಿರುವ ಒಂದೇ ಹಸ್ತಪ್ರತಿಯು ಮಾತೃಕೆ. ಅದರ ಒಂದು ಪುಟದಲ್ಲಿ ಕಲೆಬಿದ್ದು ಕೆಲವು ಪದಗಳು ಮಸುಕಾಗಿವೆ. ಇತರ ಪ್ರತಿಗಳಲ್ಲಿ ಅದೇ ಸ್ಥಳದಲ್ಲಿ ಪಾಠವು ಲೋಪವಾಗಿಯೋ ಅಸ್ತವ್ಯಸ್ತವಾಗಿಯೋ ಇದೆ. ಓಲೆಯ ಪ್ರತಿಗಳನ್ನು ತಾಳೆನೋಡಿ ಬಲ್ಲವರಿಗೆ ಇದಕ್ಕಿಂತ ಪ್ರಬಲವಾದ ಪ್ರಮಾಣ ಬೇಕಿಲ್ಲ.

ಲೋಕದಲ್ಲಿ ಹೆಚ್ಚಾಗಿ ಹರಡಿದುದಾದರೋ ಈ ಪ್ರವಚನಗಳಲ್ಲ. ಅವುಗಳಿಂದ ಅರ್ರಿಯನನೇ ಆಯ್ದು ಕಟ್ಟಿದ ಸೂತ್ರಪ್ರಾಯವಾದ ಕೈಪಿಡಿ. ಆರನೆಯ ಶತಮಾನದಲ್ಲಿ ಸಿಂಪ್ಲಿಸಿಯಸನು ಇದಕ್ಕೆ ಮೂಲಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಭಾಷ್ಯವನ್ನು ಬರೆದನು. ಕ್ರೈಸ್ತ ಸಂನ್ಯಾಸಿಗಳು ‘ದೇವತೆಗಳು’ ಎಂಬ ಬಹುವಚನವನ್ನು ಏಕವಚನಮಾಡಿ, ಸಾಕ್ರಟೀಸನ ಸ್ಥಾನದಲ್ಲಿ ಪೌಲನನ್ನು ಕುಳ್ಳಿರಿಸಿ ಓದಿಕೊಂಡರು. 1605ರಲ್ಲಿ ಮತ್ತೇಯೋ ರಿಚ್ಚಿಯು ಚೀನೀ ಭಾಷೆಯಲ್ಲಿ ಪ್ರಕಟಿಸಿದ ‘ಇಪ್ಪತ್ತೈದು ಮಾತುಗಳು’ ಬಹುಮಟ್ಟಿಗೆ ಇದರ ರೂಪಾಂತರವೇ. ಮೂಲಕರ್ತೃವಿನ ಹೆಸರು ಮಾತ್ರ ಅದರಲ್ಲಿಲ್ಲ. 1965ರಲ್ಲಿ ವಿಯೆಟ್ನಾಮಿನಲ್ಲಿ ಸೆರೆಸಿಕ್ಕ ಅಮೆರಿಕದ ವೈಮಾನಿಕ ಸ್ಟಾಕ್‌ಡೇಲನಿಗೆ ಏಳು ವರ್ಷಗಳನ್ನು ಮೀರಿದ ಬಂಧನದಲ್ಲಿ ಈ ಪುಸ್ತಕದ ಸ್ಮರಣೆಯೇ ಆಧಾರವಾಯಿತು. ಮನುಷ್ಯನ ಅಧೀನದಲ್ಲಿರುವುದು ಯಾವುದು, ಇಲ್ಲದಿರುವುದು ಯಾವುದು ಎಂಬ ಅದರ ಮೊದಲ ವಿಭಾಗವು ಸೆರೆಮನೆಯಲ್ಲಿಯೂ ಮಠದಲ್ಲಿಯೂ ಸಮಾನವಾಗಿ ಸಲ್ಲತಕ್ಕದ್ದಾಗಿದೆ.

ಆದರೆ ಸಂಗ್ರಹದ ಲಾಘವವು ಕರ್ತೃವಿಗೆ ಅಪವಾದವನ್ನೂ ತಂದಿತು. ಮಗುವನ್ನು ಮುದ್ದಿಸುವಾಗ, ಮುದ್ದಿಸುತ್ತಿರುವುದು ಮರ್ತ್ಯವಸ್ತುವನ್ನೆಂದು ನೆನೆಯಬೇಕೆಂಬ ವಿಧಿಯು ಕೈಪಿಡಿಯಲ್ಲಿ, ಒಡೆದುಹೋಗುವ ಮಡಕೆಯ ದೃಷ್ಟಾಂತದ ಬೆನ್ನಿಗೇ ಬರುವುದು. ಇದಿಷ್ಟನ್ನೇ ಓದಿದವರು ಎಪಿಕ್ಟೀಟಸನನ್ನು ಶುಷ್ಕಹೃದಯನೆಂದರೆ ಆಶ್ಚರ್ಯವಿಲ್ಲ. ಪ್ರವಚನಗಳ ಮೊದಲ ಭಾಗವನ್ನು ನೋಡಿದರೆ ಈ ಆಕ್ಷೇಪವು ನಿಲ್ಲಲಾರದು. ಅಲ್ಲಿ ಒಬ್ಬ ಅಧಿಕಾರಿಯು ಮಗಳಿಗೆ ಕಾಯಿಲೆ ಹೆಚ್ಚಲು, ನೋಡಲಾರದೆ ಮನೆಯಿಂದ ಓಡಿಹೋದೆನೆಂದೂ, ಅದು ತಂದೆಯ ವಾತ್ಸಲ್ಯವೆಂದೂ ಹೇಳುವನು. ಹಾಗಾದರೆ ತಾಯಿಯೂ ದಾದಿಯೂ ಓಡಿಹೋಗಬೇಕಾಗಿತ್ತೇ, ನೀನು ಹಾಸಿಗೆ ಹಿಡಿದಾಗ ನಿನ್ನವರು ಇದೇ ವಾತ್ಸಲ್ಯವನ್ನು ತೋರಲೆಂದು ಬಯಸುವೆಯಾ ಎಂದು ಗುರುವು ಅವನನ್ನು ಕೇಳುತ್ತಾನೆ. ಮರಣದ ಸ್ಮರಣೆಯು ರೋಗಿಯ ಬಳಿಯಿಂದ ಏಳದಿರುವುದಕ್ಕೇ ಹೊರತು ಮಮತೆಯನ್ನು ತೊರೆಯುವುದಕ್ಕಲ್ಲವೆಂದು ಈ ಸಂವಾದದ ಬೆಳಕಿನಲ್ಲಿ ಗ್ರಹಿಸಬೇಕಾಗಿದೆ. ಸೂತ್ರವನ್ನು ಮಾತ್ರ ಪಠಿಸಿ ವೃತ್ತಿಯನ್ನು ಬಿಟ್ಟವರಿಗೆ ಇಂತಹ ಪ್ರಮಾದವು ಯಾವ ಶಾಸ್ತ್ರದಲ್ಲಿಯೂ ತಪ್ಪಿದ್ದಲ್ಲ.

ಬಹುಕಾಲ ಏಕಾಕಿಯಾಗಿದ್ದ ಎಪಿಕ್ಟೀಟಸನು ವೃದ್ಧಾಪ್ಯದಲ್ಲಿ, ಮಿತ್ರನೊಬ್ಬನು ದಾರಿದ್ರ್ಯದಿಂದ ತ್ಯಜಿಸಲಿದ್ದ ಶಿಶುವನ್ನು ತಾನು ತೆಗೆದುಕೊಂಡು, ಅದರ ಪೋಷಣೆಗಾಗಿ ಒಬ್ಬ ಸ್ತ್ರೀಯನ್ನು ಮನೆಗೆ ಕರೆತಂದನೆಂದು ಸಿಂಪ್ಲಿಸಿಯಸನ ಭಾಷ್ಯವು ತಿಳಿಸುತ್ತದೆ.