ಹಿಂದೊದೆತವೂ ಅದರ ಆಸರೆಯೂ: ಕೊಪ್ಪಳ ಸೀಮೆಯ ಆಯುಧಚರಿತ್ರೆಯನ್ನು ಕುರಿತು ಒಂದು ವಿಚಾರ

ಮದ್ದಿನ ಆಯುಧಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ನಳಿಗೆಯ ಚರಿತ್ರೆಯನ್ನೇ ಬರೆದಿದ್ದಾರೆ. ನಳಿಗೆಯ ಉದ್ದವೆಷ್ಟು, ಬಾಯಿಯ ಅಗಲವೆಷ್ಟು, ಎರಕ ಹೊಯ್ದವರು ಯಾರು, ಮೇಲಿನ ಶಾಸನವೇನು ಎಂಬುದು ತಿಳಿದರೆ ಕೆಲಸ ಮುಗಿಯಿತೆಂದು ಭಾವಿಸುವುದು ವಾಡಿಕೆ. ಆದರೆ ಗುಂಡನ್ನು ಮುಂದಕ್ಕೆ ಎಸೆಯುವ ಪ್ರತಿಯೊಂದು ಆಯುಧವೂ ಅದೇ ಕ್ಷಣದಲ್ಲಿ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ಹೊರುವುದು ಯಾವುದು ಎಂಬ ಪ್ರಶ್ನೆಯನ್ನು ಕೇಳದೆ ಆಯುಧದ ನಿಜವಾದ ಬಲವನ್ನು ಅಳೆಯಲಾಗದು. ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನ ಯುದ್ಧಚರಿತ್ರೆಯನ್ನು, ವಿಶೇಷವಾಗಿ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳ ಚರಿತ್ರೆಯನ್ನು, ಈ ಪ್ರಶ್ನೆಯ ಬೆಳಕಿನಲ್ಲಿ ಓದಬೇಕೆಂಬುದು ನಮ್ಮ ಅಭಿಪ್ರಾಯ.

ತತ್ತ್ವವನ್ನು ಸ್ಪಷ್ಟಪಡಿಸಿಕೊಳ್ಳಲು ಮೊದಲು ಬೇಟೆಯ ಆಯುಧವೊಂದನ್ನು ತೆಗೆದುಕೊಳ್ಳೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಆನೆ, ಕಾಟಿ ಮೊದಲಾದ ದೊಡ್ಡ ಪ್ರಾಣಿಗಳ ಬೇಟೆಗಾಗಿ ಇಂಗ್ಲೆಂಡಿನಲ್ಲಿ ಭಾರಿ ಜೋಡುನಳಿಗೆಯ ಕೋವಿಗಳು ತಯಾರಾಗುತ್ತಿದ್ದವು. ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಕೋವಿಗಳ ಗುಣದೋಷಗಳನ್ನು ಚರ್ಚಿಸಿದ್ದಾನೆ. ಅವುಗಳಲ್ಲಿ ನಾಲ್ಕರ ಬೋರು ಎಂಬುದಕ್ಕೆ ಒಂದು ಪೌಂಡು ಸೀಸದಲ್ಲಿ ನಾಲ್ಕೇ ಗುಂಡು. ಒಂದೊಂದರ ತೂಕ ಸುಮಾರು 113 ಗ್ರಾಂ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದ .600 ನೈಟ್ರೋ ಎಕ್ಸ್‌ಪ್ರೆಸ್ ಕೋವಿಯ ಗುಂಡು 58 ಗ್ರಾಂ, ಅದರ ವೇಗ ಸೆಕೆಂಡಿಗೆ ಸುಮಾರು 590 ಮೀಟರು, ಕೋವಿಯ ತೂಕ ಸುಮಾರು ಏಳೂಕಾಲು ಕಿಲೋಗ್ರಾಂ. ನ್ಯೂಟನ್ನನ ಮೂರನೆಯ ನಿಯಮವನ್ನು ಅನುಸರಿಸಿ ಲೆಕ್ಕ ಹಾಕಿದರೆ, ಗುಂಡಿನ ಚಲನೆಯೊಂದರಿಂದಲೇ ಕೋವಿಯು ಸೆಕೆಂಡಿಗೆ 4.7 ಮೀಟರು ವೇಗದಲ್ಲಿ ಹೆಗಲಿಗೆ ಬಂದು ಬಡಿಯಬೇಕು. ಮದ್ದಿನ ಅನಿಲವು ಈ ವೇಗವನ್ನು ಮತ್ತಷ್ಟು ಹೆಚ್ಚಿಸುತ್ತದೆ.

ಇಂತಹ ಕೋವಿಯನ್ನು ಗುರಿಪರೀಕ್ಷೆಗಾಗಿ ಮೇಲಿಂದ ಮೇಲೆ ಹಾರಿಸಬೇಕಾದಾಗ ಹೆಗಲಿಗೆ ನೆರವಾಗಿ ಆಸರೆ ಬೇಕಾಗುತ್ತದೆ. ಸೀಸದ ಚೀಲಗಳನ್ನು ಹೇರಿದ ಲೋಹದ ಚೌಕಟ್ಟಿನಲ್ಲಿ ಕೋವಿಯನ್ನು ಕೂಡಿಸಿದರೆ, ಆ ಹೊರೆಯೂ ಕೋವಿಯ ತೂಕಕ್ಕೆ ಸೇರಿಕೊಂಡು ಒದೆತ ತಗ್ಗುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಜೋಡುನಳಿಗೆಗಳು ಪರಸ್ಪರ ಸಮಾನಾಂತರವಾಗಿರದೆ ಬಾಯಿಯ ಕಡೆಗೆ ತುಸು ಒಲಿದಿರುತ್ತವೆ. ಗುಂಡು ನಳಿಗೆಯೊಳಗೆ ಇರುವಾಗಲೇ ಬಲನಳಿಗೆಯ ಒದೆತ ಕೋವಿಯನ್ನು ಬಲಕ್ಕೂ ಎಡನಳಿಗೆಯದು ಎಡಕ್ಕೂ ಸರಿಸುತ್ತದೆ. ಈ ಸರಿತವನ್ನು ಲೆಕ್ಕಕ್ಕೆ ಹಿಡಿದೇ ತಯಾರಕನು ಎರಡು ಗುಂಡುಗಳೂ ಒಂದೇ ಕಡೆ ಬೀಳುವಂತೆ ನಳಿಗೆಗಳನ್ನು ಬೆಸೆದಿರುತ್ತಾನೆ. ಕೋವಿಯನ್ನು ಅಲುಗದಂತೆ ಬಿಗಿದರೆ ಆ ಲೆಕ್ಕ ಕೆಡುತ್ತದೆ, ಹಿಡಿಯ ಮರವೂ ಸೀಳಬಹುದು. ಆದುದರಿಂದ ಬಲ್ಲವರು ನಿಂತುಕೊಂಡೇ, ನಳಿಗೆಯನ್ನು ಗಟ್ಟಿ ವಸ್ತುವಿಗೆ ತಾಗಿಸದೆ, ಅದನ್ನು ಹಿಡಿದ ಕೈಯನ್ನು ಮಾತ್ರ ಮೆತ್ತನೆಯ ಚೀಲದ ಮೇಲೆ ಊರಿ ಹಾರಿಸುತ್ತಾರೆ. ಒದೆತಕ್ಕೆ ಎಡೆಯನ್ನೂ ಕೊಡಬೇಕು, ಎಲ್ಲೆಯನ್ನೂ ಕಟ್ಟಬೇಕು ಎಂಬುದು ಇದರಿಂದ ತಿಳಿಯುವ ತತ್ತ್ವ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ನಮ್ಮ ದೇಶದಲ್ಲಿ ಅಂತಹ ಬೇಟೆ ನಿಂತಿತು. ಆದರೆ ಆ ಕೋವಿಗಳು ಕಲಿಸುವ ತತ್ತ್ವವು ಕೋಟೆಯ ತೋಪಿಗೂ ಅನ್ವಯಿಸುತ್ತದೆ.

ಎಡೆದೊರೆ ನಾಡಿನಲ್ಲಿ ಮದ್ದಿನ ಆಯುಧಗಳ ಮೊದಲ ದೊಡ್ಡ ಪರೀಕ್ಷೆ ನಡೆದದ್ದು 1520ರ ರಾಯಚೂರು ಯುದ್ಧದಲ್ಲಿ. ಪೋರ್ಚುಗೀಸ್ ವರ್ತಕ ನೂನಿಜನ ವೃತ್ತಾಂತದಂತೆ ಬಿಜಾಪುರದ ಸೈನ್ಯದ ತೋಪುಗಳೆಲ್ಲ ಒಮ್ಮೆಗೇ ಹಾರಿ ವಿಜಯನಗರದ ಮುಂಪಡೆಯನ್ನು ಕೆಡಹಿದವು. ಆದರೆ ಕೃಷ್ಣದೇವರಾಯನು ಹಿಮ್ಮೆಟ್ಟದೆ ಮೇಲ್ವಾಯ್ದು ಜಯ ಗಳಿಸಿದನು. ವಶವಾದ ವಸ್ತುಗಳಲ್ಲಿ ನಾನೂರು ದೊಡ್ಡ ತೋಪುಗಳೂ, ಒಂಬೈನೂರರಷ್ಟು ತೋಪಿನ ಬಂಡಿಗಳೂ ಇದ್ದುವೆಂದು ಅವನು ಹೇಳುತ್ತಾನೆ. ಬಂಡಿಯ ಮೇಲಿನ ತೋಪು ಪ್ರತಿ ಹೊಡೆತಕ್ಕೂ ಹಿಂದಕ್ಕೆ ಉರುಳುತ್ತದೆ. ಅದನ್ನು ಮತ್ತೆ ಮುಂದಕ್ಕೆ ತಳ್ಳಿ, ಮದ್ದು ತುಂಬಿ, ಗುರಿ ಕೂಡಿಸುವಷ್ಟರಲ್ಲಿ ಶತ್ರುವಿನ ಕುದುರೆ ಮೇಲೆ ಬಿದ್ದಿರುತ್ತದೆ. ಅನಂತರ ರಾಯಚೂರು ಕೋಟೆಯ ಮುತ್ತಿಗೆಯಲ್ಲಿ ಹೆಚ್ಚಿನ ಪ್ರಯೋಜನ ಕೊಟ್ಟದ್ದು ಕ್ರಿಸ್ತೊವಾವೊ ದ ಫಿಗೆರೆದೊನ ಸಂಗಡ ಬಂದಿದ್ದ ಇಪ್ಪತ್ತು ಮಂದಿ ಪೋರ್ಚುಗೀಸರ ಕೈಕೋವಿ. ಗೋಡೆಯ ಮೇಲೆ ತಲೆ ತೋರಿದವರನ್ನು ಅವರು ಹೊಡೆಯುತ್ತಿದ್ದುದರಿಂದ ಕೆಳಗಿನವರು ಗೋಡೆಯನ್ನು ಕೀಳಲು ಸಾಧ್ಯವಾಯಿತು. ಒಬ್ಬ ಮನುಷ್ಯನ ಮೈ ತಾಳಬಲ್ಲ ಆಯುಧವು ಅಂದು ಬಂಡಿಯ ತೋಪಿಗಿಂತ ಹೆಚ್ಚು ಉಪಯುಕ್ತವಾಯಿತು.

ಹೆಗಲಿಗೂ ಬಂಡಿಗೂ ನಡುವೆ ಬೇರೆ ಉಪಾಯಗಳೂ ಇದ್ದವು. ಹದಿನಾರನೆಯ ಶತಮಾನದ ಯೂರೋಪಿನ ಕಾಲಾಳು ತನ್ನ ಭಾರವಾದ ಕೋವಿಯನ್ನು ನೆಲದಲ್ಲಿ ಊರಿದ ಕವೆಗೋಲಿನ ಮೇಲೆ ಇಟ್ಟು ಹಾರಿಸುತ್ತಿದ್ದನು. ಕೋಲು ಹೊರುತ್ತಿದ್ದುದು ಭಾರವನ್ನು ಮಾತ್ರ. ಒದೆತ ಹೆಗಲಿಗೇ ಉಳಿಯುತ್ತಿತ್ತು. ನಮ್ಮ ದೇಶದ ಕೋಟೆಗಳಲ್ಲಿ ಬಳಕೆಯಲ್ಲಿದ್ದ ಜಂಜಾಲ್ ಎಂಬ ಉದ್ದನೆಯ ಗೋಡೆಕೋವಿಯನ್ನು ತಿರುಗಣಿಯ ಮೇಲೆ ಕೂಡಿಸುತ್ತಿದ್ದುದರಿಂದ ಒದೆತದ ಬಹುಭಾಗ ಕಲ್ಲಿಗೆ ಸೇರುತ್ತಿತ್ತು.

ರಾಯಚೂರಿನ ಸೋಲಿನ ತರುವಾಯ ಬಿಜಾಪುರದವರು ಇದೇ ಹಾದಿಯಲ್ಲಿ ಮುಂದುವರಿದರು. ಗೆದ್ದ ವಿಜಯನಗರವು ಹಳೆಯ ಯುದ್ಧಕ್ರಮವನ್ನು ನೆಚ್ಚಿಕೊಂಡಿತೆಂದೂ, ಸೋತ ಬಿಜಾಪುರವು ತೋಪನ್ನೂ ಕೋಟೆಯನ್ನೂ ಹೊಸದಾಗಿ ರೂಪಿಸಿಕೊಂಡಿತೆಂದೂ ಈಟನ್ ಮತ್ತು ವ್ಯಾಗೊನರ್ ಎಂಬ ವಿದ್ವಾಂಸರು ವಾದಿಸಿದ್ದಾರೆ. ನಳಿಗೆಯ ಎರಡು ಪಕ್ಕಗಳಿಗೆ ತೋಳುಗಳು, ಆ ತೋಳುಗಳನ್ನು ಹೊರುವ ಕಬ್ಬಿಣದ ಕವೆ, ಕವೆಯ ಬುಡ ಕೂರಲು ಬುರುಜಿನ ನೆತ್ತಿಯಲ್ಲಿ ಕಲ್ಲಿನ ಕುಳಿ, ಒದೆತವನ್ನು ತಡೆಯಲು ತೋಪಿನ ಬೆನ್ನಿಗೆ ದಪ್ಪನೆಯ ಬಾಗುಗೋಡೆ: ಇದು ದಖ್ಖನಿನ ಬುರುಜುಗಳಲ್ಲಿ ಬೆಳೆದ ವಿನ್ಯಾಸ. ಹೀಗೆ ಕೂಡಿಸಿದ ತೋಪು ಸುತ್ತಲೂ ತಿರುಗುತ್ತದೆ, ಆದರೆ ಹಿಂದಕ್ಕೆ ಓಡುವುದಿಲ್ಲ. ಬಿಜಾಪುರದ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಎರಕ ಹೊಯ್ದರು. ಅದು ಬಿಜಾಪುರಕ್ಕೆ ಬಂದದ್ದು 1632ರಲ್ಲಿ. ಸುಮಾರು 55 ಟನ್ ತೂಗುವ ಆ ತೋಪಿಗೆ ಇಂದು ನೆಲೆಯಾಗಿರುವ ಶೇರ್ಜಾ ಬುರುಜು 1658ರ ಸುಮಾರಿನದು. ಪೀಠವು ನಳಿಗೆಗಿಂತ ನೂರು ವರ್ಷ ಕಿರಿಯದು. ಆದಕಾರಣ ಎರಡರ ಚರಿತ್ರೆಯನ್ನೂ ಬೇರೆ ಬೇರೆಯಾಗಿ ಬರೆಯಬೇಕಾಗುತ್ತದೆ.

ಕೊಪ್ಪಳದ ಕೋಟೆ ಈ ವಿಚಾರಕ್ಕೆ ಇನ್ನೊಂದು ಮುಖದಿಂದ ಸಾಕ್ಷಿ ನುಡಿಯುತ್ತದೆ. 1786ರಲ್ಲಿ ಟಿಪ್ಪು ಸುಲ್ತಾನನು ಅದನ್ನು ಪಾಳೆಯಗಾರನಿಂದ ಪಡೆದು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಮರಳಿ ಕಟ್ಟಿಸಿದನು. 1790ರ ಅಕ್ಟೋಬರಿನಲ್ಲಿ ನಿಜಾಮನ ಸೈನ್ಯವೂ ಕಂಪನಿಯ ತುಕಡಿಯೂ ಸೇರಿ ಮುತ್ತಿಗೆ ಹಾಕಿದವು. ನಿಜಾಮನ ತೋಪುಗಳು ಅಲ್ಪಕಾಲದಲ್ಲಿಯೇ ತಮ್ಮ ಹೊಡೆತದಿಂದಲೇ ಕೆಟ್ಟುಹೋದುವೆಂದು ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಬರೆದಿದ್ದಾನೆ. ಆರು ತಿಂಗಳ ಕಾಲ ಕೋಟೆ ಕೈವಶವಾಗಲಿಲ್ಲ. 1791ರ ಮಾರ್ಚಿಯಲ್ಲಿ ಬೆಂಗಳೂರು ಬಿದ್ದ ಬಳಿಕ, ಏಪ್ರಿಲಿನಲ್ಲಿ, ಕೊಪ್ಪಳವೂ ಸಮೀಪದ ಬಹದ್ದೂರಬಂಡಿಯೂ ಶರಣಾದವು. ಆ ಮುತ್ತಿಗೆಯಲ್ಲಿದ್ದ ಜಾನ್ ಮಾಲ್ಕಂ ತಾನು ಭಾರತದಲ್ಲಿ ಕಂಡ ಕೋಟೆಗಳಲ್ಲೆಲ್ಲ ಇದೇ ಅತ್ಯಂತ ಬಲವಾದುದೆಂದು ಹೇಳಿದ್ದಾನೆ. ಬಯಲಿನ ಬತ್ತೇರಿಯಲ್ಲಿ ನಿಂತ ತೋಪು ತನ್ನ ಒದೆತವನ್ನು ತಾನೇ ಉಣ್ಣಬೇಕು. ಮೇಲಿನ ಬುರುಜಿನ ತೋಪಿಗೆ ಬೆಟ್ಟವೇ ಬೆನ್ನಾಸರೆ. ಹಾಗಿದ್ದರೂ ಪೀಠ ಮಾತ್ರದಿಂದ ಕೋಟೆ ಉಳಿಯದು. 1858ರಲ್ಲಿ ಮುಂಡರಗಿ ಭೀಮರಾಯನೂ ಹಮ್ಮಿಗೆ ಕೆಂಚನಗೌಡನೂ ಇದೇ ಕೋಟೆಯನ್ನು ಹಿಡಿದಾಗ ಅದನ್ನು ಕಾಯಲು ಬೇಕಾದ ಬಲವಾಗಲಿ ಕಾಲವಾಗಲಿ ಅವರಿಗೆ ದೊರೆಯಲಿಲ್ಲ. ಜೂನ್ 1ರಂದು ಕೋಟೆ ಬಿದ್ದಿತು, ಭೀಮರಾಯನು ಹೋರಾಡುತ್ತ ಮಡಿದನು.

ತರುವಾಯ ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ಆ ಮನೆತನದ ಸಂಗ್ರಹದಿಂದ 1951ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ವಸ್ತುಸಂಗ್ರಹಾಲಯದಲ್ಲಿ ಆಯುಧಗಳಿಗೆ ಪ್ರತ್ಯೇಕ ವಿಭಾಗವಿದೆ. ಆಯುಧವನ್ನು ಸಾಗಿಸಬಹುದು, ಗಾಜಿನ ಹಿಂದೆ ಇಡಬಹುದು. ಕಲ್ಲಿನ ಕುಳಿಯನ್ನೂ ಬೆನ್ನುಗೋಡೆಯನ್ನೂ ಸಾಗಿಸಲಾಗದು. ಕಲ್ಲನ್ನು ಬೇರೆ ಕಟ್ಟಡಕ್ಕೆ ಒಯ್ದರೆ, ಅಥವಾ ದುರಸ್ತಿಯ ಹೆಸರಿನಲ್ಲಿ ಕುಳಿಗೆ ಸಿಮೆಂಟು ತುಂಬಿದರೆ, ಆ ಸಾಕ್ಷ್ಯ ಎಂದೆಂದಿಗೂ ಅಳಿದುಹೋಗುತ್ತದೆ.

ಈ ಸಾಕ್ಷ್ಯವನ್ನು ದಾಖಲಿಸಲು ದೊಡ್ಡ ವೆಚ್ಚವೇನೂ ಬೇಡ. ಅಳತೆಪಟ್ಟಿ, ದಿಕ್ಸೂಚಿ, ಒಂದು ನೋಟುಪುಸ್ತಕ ಸಾಕು. ಕುಳಿಯ ವ್ಯಾಸವು ಕವೆಯ ಗಾತ್ರವನ್ನು ತಿಳಿಸುತ್ತದೆ. ಕುಳಿಯಿಂದ ಬೆನ್ನುಗೋಡೆಗಿರುವ ದೂರವು ನಳಿಗೆಯ ಹಿಂಬದಿಯ ಉದ್ದಕ್ಕೆ ಎಲ್ಲೆಯನ್ನು ಹೇಳುತ್ತದೆ. ತೆನೆಗೋಡೆಯ ಕಿಂಡಿಗಳು ತೆರೆಯುವ ದಿಕ್ಕಿನಿಂದ ಕಾಯಬೇಕಾಗಿದ್ದ ದಾರಿ ಯಾವುದೆಂದು ಗೊತ್ತಾಗುತ್ತದೆ. ನಳಿಗೆ ಕಳೆದುಹೋದ ಕಡೆಯಲ್ಲಿಯೂ ಈ ಮೂರು ಅಳತೆಗಳಿಂದ ತೋಪಿನ ಅಂದಾಜು ಸಿಕ್ಕುತ್ತದೆ. ಈ ನಾಲ್ಕು ಸೀಮೆಗಳ ಕಾಲೇಜುಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಡನೆ ಸಮೀಪದ ಒಂದೊಂದು ಕೋಟೆಯನ್ನು ವಹಿಸಿಕೊಂಡು, ಪ್ರತಿ ಬುರುಜಿನ ನೆತ್ತಿಯನ್ನೂ ಅಳೆದು ನಕ್ಷೆ ಸಿದ್ಧಪಡಿಸಿದರೆ, ಎಡೆದೊರೆ ನಾಡಿನ ಯುದ್ಧಚರಿತ್ರೆಗೆ ಅದೊಂದು ಭದ್ರವಾದ ಆಧಾರವಾಗುವುದೆಂದು ನಾವು ನಂಬಿದ್ದೇವೆ.